ಫೈರ್ ಡ್ಯಾಂಪರ್‌ಗೆ 24 ವೋಲ್ಟೋ, 230 ವೋಲ್ಟೋ?

ಫೈರ್ ಡ್ಯಾಂಪರ್ ಎಂದರೆ ಎಸಿ ಗಾಳಿ ಹರಿಯುವ ತಗಡಿನ ಕೊಳವೆಯೊಳಗೆ (ಡಕ್ಟ್) ಕೂರಿಸಿದ, ಬೆಂಕಿ ಹರಡದಂತೆ ಮುಚ್ಚಿಕೊಳ್ಳುವ ಬಾಗಿಲು. ಪುಣೆಯ ಬಾಣೇರ್‌ನಲ್ಲಿ ನಾನು ನೋಡಿಕೊಳ್ಳುವ ಕಚೇರಿ ಕಟ್ಟಡದಲ್ಲಿ ಎರಡೂ ಬಗೆಯವು ಇವೆ. ಹಳೆಯ ಭಾಗದ ಡ್ಯಾಂಪರ್‌ಗಳ ಮೋಟಾರು 230 ವೋಲ್ಟ್‌ನದು, ಹೊಸ ಭಾಗದ್ದು 24 ವೋಲ್ಟ್. ವೈರಿಂಗ್ ಮಾಡಿಸಿ, ಬೆಂಕಿ ಅಲಾರಂ ಕೊಟ್ಟು ಎರಡನ್ನೂ ಪರೀಕ್ಷಿಸಿದ್ದೇನೆ. ನನ್ನ ಒಲವು 24 ವೋಲ್ಟ್‌ನ ಕಡೆಗೆ. ಆದರೆ 230 ವೋಲ್ಟನ್ನು 24ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳದೆ ಯಾರಿಗೂ ಅದನ್ನು ಸೂಚಿಸುವುದಿಲ್ಲ.

ಕೆಲಸದ ರೀತಿ ಎರಡರದ್ದೂ ಒಂದೇ. ಕರೆಂಟ್ ಇರುವವರೆಗೆ ಬಾಗಿಲು (ಬ್ಲೇಡ್) ತೆರೆದಿರುತ್ತದೆ, ಹೋದೊಡನೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಡಕ್ಟ್‌ನ ಗಾಳಿ ಸುಮಾರು 72 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಥರ್ಮಲ್ ಫ್ಯೂಸ್ ಕೂಡ ಕರೆಂಟ್ ಕಡಿಯುತ್ತದೆ. ಹಾಗಾಗಿ ಒಂದು ತಂತಿ ಸಡಿಲವಾದರೂ ಡ್ಯಾಂಪರ್ ಮುಚ್ಚಿ, ಆ ಭಾಗಕ್ಕೆ ತಂಪು ಗಾಳಿ ನಿಲ್ಲುತ್ತದೆ.

ವ್ಯತ್ಯಾಸ ತಿಳಿಯುವುದು ಉದ್ದದ ವೈರಿಂಗ್‌ನಲ್ಲಿ. ಹೊಸ ಭಾಗದಲ್ಲಿ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು 80 ಮೀಟರ್ ಎಳೆದು, ತುದಿಯಲ್ಲಿ ಐದು ಮೋಟಾರು ಜೋಡಿಸಿದ್ದರು. ಒಂದೊಂದು ತೆರೆಯುವಾಗ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಹೋಗಿಬರುವ ತಂತಿಯ ರೋಧ ಸುಮಾರು 1.9 ಓಮ್, ಐದೂ ಒಟ್ಟಿಗೆ ಎದ್ದರೆ ದಾರಿಯಲ್ಲೇ 4 ವೋಲ್ಟ್ ಕರಗುತ್ತದೆ. ನಮ್ಮ ವೈರ್‌ಮನ್ ವಿಜಯಪುರದವರು. ಏಣಿ ಏರಿ, ಫಾಲ್ಸ್ ಸೀಲಿಂಗ್ ಫಲಕ ಸರಿಸಿ, ಕೊನೆಯ ಡ್ಯಾಂಪರ್‌ನ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದರು. "ಮೋಟಾರ್ ಕೆಟ್ಟಿಲ್ಲ ಸರ್, ಇಲ್ಲಿಗೆ ಬರುತ್ತಿರುವುದೇ 20" ಎಂದರು. ಮೋಟಾರು ಗುಂಯ್‌ಗುಟ್ಟುತ್ತಿತ್ತು, ಬ್ಲೇಡ್ ಅರ್ಧದಲ್ಲೇ ನಿಂತಿತ್ತು. ಟ್ರಾನ್ಸ್‌ಫಾರ್ಮರನ್ನು ಅದೇ ಮಹಡಿಯ ವಿದ್ಯುತ್ ಕೋಣೆಗೆ ತಂದ ಮೇಲೆ ಎಲ್ಲವೂ ಪೂರ್ತಿ ತೆರೆದುಕೊಂಡವು. ಇದೇ ಹೊರೆ 230 ವೋಲ್ಟ್‌ನಲ್ಲಿದ್ದರೆ ಅರ್ಧ ವೋಲ್ಟ್ ಕೂಡ ಕಳೆಯುತ್ತಿರಲಿಲ್ಲ.

ಹಾಗಿದ್ದೂ 24 ವೋಲ್ಟನ್ನೇ ಏಕೆ ಮೆಚ್ಚುತ್ತೇನೆ? ಸೀಲಿಂಗ್ ಒಳಗೆ, ಕತ್ತಲಲ್ಲಿ, ತಗಡಿನ ಡಕ್ಟ್‌ಗೆ ಒರಗಿ ಕೆಲಸ ಮಾಡುವವನ ಜೀವ ನನಗೆ ಮುಖ್ಯ. ಇನ್ನೊಂದು ಅನುಕೂಲವೂ ಇದೆ: ಅಲಾರಂ ಬಂದಾಗ ಡ್ಯಾಂಪರ್‌ನ ಕರೆಂಟ್ ಕಡಿಯುವ, ಅಲಾರಂ ಪ್ಯಾನೆಲ್‌ನ ರಿಲೇ ಮಾಡ್ಯೂಲ್‌ಗಳು ಹೆಚ್ಚಾಗಿ ಕಡಿಮೆ ವೋಲ್ಟೇಜ್‌ಗೆ ಮಾಡಿದವು. 230 ವೋಲ್ಟ್ ಕಡಿಯಲು ನಡುವೆ ಮತ್ತೊಂದು ರಿಲೇ ಬೇಕು, ಅಂದರೆ ಕೆಡಬಹುದಾದ ಮತ್ತೊಂದು ವಸ್ತು. ಎರಡೂ ವೋಲ್ಟೇಜ್‌ಗಳ ತಂತಿಗಳನ್ನು ಒಂದೇ ಪೈಪಿನಲ್ಲಿ ತುರುಕಲು ಮಾತ್ರ ನಾನು ಬಿಡುವುದಿಲ್ಲ.

ನೆಲಮಾಳಿಗೆಯ ತುದಿಯಲ್ಲಿ ಒಂಟಿಯಾಗಿರುವ ಡ್ಯಾಂಪರ್‌ಗೆ 230 ವೋಲ್ಟೇ ಸರಿ. ಒಂದೇ ಮೋಟಾರಿಗಾಗಿ ಟ್ರಾನ್ಸ್‌ಫಾರ್ಮರ್ ಇಟ್ಟು, ಅದನ್ನು ಯಾರೂ ನೋಡದ ಮೂಲೆಯಲ್ಲಿ ಮರೆಯುವುದು ಬೇಡ.

ಯಾವುದನ್ನು ಆರಿಸಿದರೂ ಸ್ಥಿತಿ ತಿಳಿಸುವ ಸ್ವಿಚ್‌ಗಳ ತಂತಿಯನ್ನು ಬಿಡಬೇಡಿ. ಗುತ್ತಿಗೆದಾರರು ಉಳಿತಾಯ ಮಾಡುವುದು ಇಲ್ಲಿಯೇ. ರಿಲೇ ಕಡಿದುಕೊಂಡಿತೆಂದು ಪ್ಯಾನೆಲ್‌ನಲ್ಲಿ ದೀಪ ಹೊತ್ತಿದರೆ ಸಾಲದು. ಬ್ಲೇಡ್ ನಿಜವಾಗಿ ಮುಚ್ಚಿದಾಗ ಒತ್ತುವ ಸ್ವಿಚ್‌ನಿಂದಲೇ ಆ ಸಂದೇಶ ಬರಬೇಕು. ಹಸ್ತಾಂತರದ ದಿನ ಒಂದೊಂದನ್ನೂ ಮುಚ್ಚಿಸಿ ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಿ.