ತೊಳೆಯದ ಒಂದು ಎಡಗಾಲಿನ ಶೂ: ಡಾರ್ಟ್‌ಮಂಡ್ ಫುಟ್‌ಬಾಲ್ ಮ್ಯೂಸಿಯಂ ನೋಡಿಬಂದ ಮೇಲೆ

ಈ ಸಲ ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಮಗನನ್ನು ಕೇಳಿದೆ. ಹನ್ನೊಂದು ತುಂಬುತ್ತಿತ್ತು. ಹೊಸ ಶೂ ಕೇಳುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದೂ ಶೂನೇ. ಆದರೆ ಹಾಕಿಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. 2014ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಗೆ ಗೆಲುವಿನ ಗೋಲು ಹೊಡೆದ ಮಾರಿಯೊ ಗೋಟ್ಜೆಯ ಎಡಗಾಲಿನ ಶೂ. ಅದು ಇರುವುದು ಡಾರ್ಟ್‌ಮಂಡ್‌ನಲ್ಲಿರುವ ಜರ್ಮನ್ ಫುಟ್‌ಬಾಲ್ ಮ್ಯೂಸಿಯಂನಲ್ಲಿ. ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಜರ್ಮನಿಗೆ ಬಂದು ಆರು ವರ್ಷ ಆದರೂ ನಾವು ಆ ಕಡೆ ಹೋಗಿರಲಿಲ್ಲ.

ದಾರಿ ಹುಡುಕುವ ಕೆಲಸವೇ ಇಲ್ಲ. ಡಾರ್ಟ್‌ಮಂಡ್ ಮುಖ್ಯ ನಿಲ್ದಾಣದಿಂದ ಹೊರಗೆ ಬಂದು ತಲೆ ಎತ್ತಿದರೆ ಎದುರಿಗೇ ಕಾಣುತ್ತದೆ. 2015ರಲ್ಲಿ ತೆರೆದ ಕಟ್ಟಡ. ಅದು ನಿಂತಿರುವ ಚೌಕಕ್ಕೆ ಜರ್ಮನ್ ಏಕತೆಯ ಹೆಸರಿಟ್ಟಿದ್ದಾರೆ. ಈ ಹೆಸರು ನೆನಪಿಡಿ, ಗೋಟ್ಜೆಯ ಕತೆಯಲ್ಲಿ ಇದಕ್ಕೂ ಒಂದು ಜಾಗ ಇದೆ. ಟಿಕೆಟನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ತೆಗೆದುಕೊಂಡಿದ್ದೆ, ಹಾಗಾಗಿ ಸೀದಾ ಒಳಗೆ ಹೋದೆವು.

ನೋಡುವುದು ಮೇಲಿನಿಂದ ಕೆಳಕ್ಕೆ. ಉದ್ದನೆಯ ಎಸ್ಕಲೇಟರ್ ಹತ್ತಿ ಮೇಲಕ್ಕೆ ಹೋಗುತ್ತೀರಿ, ಆಮೇಲೆ ಒಂದೊಂದೇ ಭಾಗ ನೋಡುತ್ತಾ ಇಳಿಯುತ್ತೀರಿ. ಜರ್ಮನಿ ಮೊದಲ ಸಲ ಗೆದ್ದ 1954ರ ವಿಶ್ವಕಪ್ ಫೈನಲ್‌ನಲ್ಲಿ ಆಡಿದ ಚೆಂಡು ಇದೆ, ಕಂದು ಬಣ್ಣದ ಚರ್ಮದ್ದು. ಹೆಂಗಸರ ತಂಡ 1989ರಲ್ಲಿ ಯುರೋಪಿನ ಚಾಂಪಿಯನ್ ಆದಾಗ ಬಹುಮಾನ ಅಂತ ಕೊಟ್ಟಿದ್ದು ಕಾಫಿ ಕುಡಿಯುವ ಪಿಂಗಾಣಿ ಸೆಟ್. ಆ ಕಪ್ಪು ಬಸಿಗಳ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಗೆದ್ದು ಬಂದವರಿಗೆ ಕಾಫಿ ಕಪ್ಪು! ಹೊಟ್ಟೆ ಉರಿಯಿತು. ಆದರೆ ಅದನ್ನು ಮುಚ್ಚಿಡದೆ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದಾರಲ್ಲ, ಅದು ನನಗೆ ಇಷ್ಟವಾಯಿತು. ಮಗ ಮಾತ್ರ ಕೈ ಹಿಡಿದು ಎಳೆಯುತ್ತಲೇ ಇದ್ದ. "ಅಮ್ಮಾ, 2014 ಎಲ್ಲಿ?"

ಸಿಕ್ಕಿತು. ಗಾಜಿನ ಹಿಂದೆ ಒಂದೇ ಒಂದು ಶೂ. ಹಸಿರು ಕಲೆತ ಹಳದಿ. ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಮಗ ಗಾಜಿಗೆ ಮೂಗು ಒತ್ತಿ ನಿಂತ. ಉಸಿರಿನ ಆವಿ ಕೂತಾಗ ತೋಳಿನಿಂದ ಒರೆಸಿ ಮತ್ತೆ ನೋಡಿದ. ಆಮೇಲೆ ಮೆಲ್ಲಗೆ ಅಂದ: "ಅಮ್ಮಾ, ಇದನ್ನ ತೊಳೆದೇ ಇಲ್ಲ!"

ಹೌದು, ತೊಳೆದಿಲ್ಲ. ರಿಯೊದ ಮಾರಕಾನಾ ಮೈದಾನದ ಹುಲ್ಲು ಅಂಟಿಕೊಂಡಿದ್ದ ಹಾಗೇ ಉಳಿಸಿಕೊಂಡ ಶೂ ಅದು. 2014ರ ಡಿಸೆಂಬರ್‌ನಲ್ಲಿ ಮಕ್ಕಳ ನೆರವಿಗಾಗಿ ಅದನ್ನು ಹರಾಜು ಹಾಕಿದಾಗ 20 ಲಕ್ಷ ಯೂರೊ ಬಂತು. ನಾನು ಪ್ರತಿ ಶನಿವಾರ ಸಂಜೆ ಬಚ್ಚಲಲ್ಲಿ ಕೂತು, ಹಳೇ ಟೂತ್‌ಬ್ರಷ್ ಹಿಡಿದು, ಮಗನ ಶೂ ತಳದ ಗುಬಟುಗಳ ನಡುವಿನ ಮಣ್ಣು ಕೆರೆಯುವವಳು. ಹುಲ್ಲು ಒಣಗಿ ಹೇಗೆ ಹಿಡಿದುಕೊಳ್ಳುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಇರಬೇಕು, ಪಕ್ಕದಲ್ಲಿದ್ದ ಚಿನ್ನದ ಕಪ್ಪುಗಳಿಗಿಂತ ಈ ಶೂ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ.

ಆ ಗೋಲು ನೋಡಿಲ್ಲದವರಿಗೆ ಹೇಳುತ್ತೇನೆ. 2014ರ ಜುಲೈ 13, ಅರ್ಜೆಂಟೀನಾ ಎದುರು ಫೈನಲ್. 88ನೇ ನಿಮಿಷದಲ್ಲಿ ಮಿರೊಸ್ಲಾವ್ ಕ್ಲೋಸೆ ಹೊರಗೆ ಬಂದರು, ಗೋಟ್ಜೆ ಒಳಗೆ ಹೋದ. ವಯಸ್ಸು 22. ನೀನು ಮೆಸ್ಸಿಗಿಂತ ಚೆನ್ನಾಗಿ ಆಡುತ್ತೀಯ ಅಂತ ಜಗತ್ತಿಗೆ ತೋರಿಸು ಅಂತ ಹೇಳಿ ಕಳಿಸಿದ್ದು ಕೋಚ್ ಯೋವಾಕಿಮ್ ಲೋವ್. ಹೆಚ್ಚುವರಿ ಸಮಯ, 113ನೇ ನಿಮಿಷ. ಎಡಗಡೆಯಿಂದ ಆಂಡ್ರೆ ಶುರ್ಲೆ ಚೆಂಡು ಎತ್ತಿ ಕೊಟ್ಟ. ಗೋಟ್ಜೆ ಎದೆಯಲ್ಲಿ ತಡೆದ, ನೆಲಕ್ಕೆ ಬೀಳುವ ಮೊದಲೇ ಎಡಗಾಲಲ್ಲಿ ಹೊಡೆದ. ಅವನದು ಹೆಚ್ಚಾಗಿ ಬಲಗಾಲಿನ ಆಟ. ಆದರೆ ಆ ಹೊತ್ತಿಗೆ ಬೇಕಾಗಿದ್ದು ಎಡಗಾಲು, ಅದು ಸಿದ್ಧವಾಗಿಯೇ ಇತ್ತು.

ಆಗ ನಮ್ಮ ಪಕ್ಕಕ್ಕೆ ಒಬ್ಬ ಹಿರಿಯರು ಬಂದು ನಿಂತರು. ಎಪ್ಪತ್ತರ ಆಸುಪಾಸು, ಕೊರಳಲ್ಲಿ ಹಳದಿ ಕಪ್ಪು ಸ್ಕಾರ್ಫ್. ಮಗನ ಕಡೆ ನೋಡಿ, "ಇವನು ನಮ್ಮ ಹುಡುಗ, ಗೊತ್ತಾ?" ಅಂದರು. ಮಗ ತಲೆಯಾಡಿಸಿದ. ಅವನಿಗೆ ಎಲ್ಲ ಗೊತ್ತು, ಮನೆಯಲ್ಲಿ ನನಗೆ ಪಾಠ ಹೇಳಿದವನೇ ಅವನು.

ಗೋಟ್ಜೆ ಹುಟ್ಟಿದ್ದು ದಕ್ಷಿಣದ ಮೆಮ್ಮಿಂಗನ್‌ನಲ್ಲಿ, 1992ರಲ್ಲಿ. ಅಪ್ಪ ಪ್ರೊಫೆಸರ್. ಡಾರ್ಟ್‌ಮಂಡ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅವರಿಗೆ ಕೆಲಸ ಸಿಕ್ಕಿತು, ಅದಕ್ಕೇ ಮನೆಮಂದಿ ಈ ಊರಿಗೆ ಬಂದರು. ಫುಟ್‌ಬಾಲಿಗಾಗಿ ಬಂದವರಲ್ಲ. ಅಪ್ಪ ಅಮ್ಮನ ಕೆಲಸದ ಹಿಂದೆ ಊರು ಬಿಟ್ಟು ಬಂದ ಮಕ್ಕಳನ್ನು ಸಾಕುತ್ತಿರುವ ನನಗೆ ಈ ಸಂಗತಿ ತುಂಬಾ ಹತ್ತಿರದ್ದು. ಗೋಟ್ಜೆ ಮೊದಲು ಹೊಂಬ್ರೂಖ್ ಬಡಾವಣೆಯ ಕ್ಲಬ್ಬಿನಲ್ಲಿ ಆಡಿದ. 2001ರಲ್ಲಿ ಈ ಊರಿನ ದೊಡ್ಡ ಕ್ಲಬ್ಬು ಬೊರುಸ್ಸಿಯಾ ಡಾರ್ಟ್‌ಮಂಡ್‌ನ ಮಕ್ಕಳ ತಂಡಕ್ಕೆ ಸೇರಿದ. ಅಣ್ಣ ಮತ್ತು ತಮ್ಮ ಇಬ್ಬರೂ ಆಟಗಾರರೇ. ಆ ಅಮ್ಮ ವಾರಕ್ಕೆ ಎಷ್ಟು ಜೊತೆ ಶೂ ತೊಳೆದಿರಬಹುದು, ಅಲ್ವಾ?

2009ರಲ್ಲಿ 17 ವರ್ಷದೊಳಗಿನವರ ಯುರೋಪಿಯನ್ ಕಪ್ ಗೆದ್ದ ತಂಡದಲ್ಲಿ ಇದ್ದ. ಅದೇ ವರ್ಷ ನವೆಂಬರ್ 21ರಂದು ಡಾರ್ಟ್‌ಮಂಡ್‌ನ ಆಗಿನ ಕೋಚ್ ಯುರ್ಗನ್ ಕ್ಲಾಪ್ ಅವನನ್ನು ಮೈನ್ಜ್ ತಂಡದ ಎದುರು ಬುಂಡೆಸ್‌ಲಿಗಾದಲ್ಲಿ, ಅಂದರೆ ಜರ್ಮನಿಯ ಮೊದಲ ದರ್ಜೆಯ ಲೀಗ್‌ನಲ್ಲಿ, ಮೊದಲ ಸಲ ಇಳಿಸಿದರು. ಆಟ ಮುಗಿಯಲು ಎರಡು ನಿಮಿಷ ಇತ್ತು, ಅಷ್ಟೇ. ವಯಸ್ಸು 17. ಅದರ ಮುಂದಿನ ಸೀಸನ್‌ನಲ್ಲಿ, ಅಂದರೆ 2010–11ರಲ್ಲಿ, 33 ಪಂದ್ಯ ಆಡಿ 6 ಗೋಲು ಹೊಡೆದ. ಡಾರ್ಟ್‌ಮಂಡ್ ಚಾಂಪಿಯನ್ ಆಯಿತು. ನನ್ನನ್ನು ಜಾಸ್ತಿ ತಟ್ಟಿದ್ದು ಆ ಎರಡು ನಿಮಿಷ. ಎಂಟು ವರ್ಷ ಅಭ್ಯಾಸ, ಕೈಗೆ ಸಿಕ್ಕಿದ್ದು ಎರಡು ನಿಮಿಷ. ನನ್ನ ಮಗನ ಹಿಂದಿನ ಕ್ಲಬ್ಬಿನಲ್ಲಿ ಒಬ್ಬ ಕೋಚ್ ಅವನನ್ನು ಕುಳ್ಳ ಅಂತ ಎಷ್ಟೋ ಪಂದ್ಯ ಬೆಂಚಿನಲ್ಲೇ ಕೂರಿಸಿದ್ದರು. ಮನೆಗೆ ಬರುವಾಗ ಕಾರಿನಲ್ಲಿ ಮಾತೇ ಆಡುತ್ತಿರಲಿಲ್ಲ ಅವನು. ಗೋಟ್ಜೆಯೂ ದೊಡ್ಡ ಆಳೇನಲ್ಲ, 1.76 ಮೀಟರ್ ಅಷ್ಟೇ. ಇದನ್ನು ಮಗ ನನಗೆ ದಿನಕ್ಕೊಮ್ಮೆಯಾದರೂ ಹೇಳುತ್ತಾನೆ.

ಚೌಕದ ಹೆಸರಿನ ಮಾತು ಹೇಳಿದ್ದೆನಲ್ಲ. 2010ರ ನವೆಂಬರ್‌ನಲ್ಲಿ ಸ್ವೀಡನ್ ಎದುರು ಗೋಟ್ಜೆ ಮತ್ತು ಶುರ್ಲೆ ಒಟ್ಟಿಗೇ ಬದಲಿ ಆಟಗಾರರಾಗಿ ರಾಷ್ಟ್ರೀಯ ತಂಡಕ್ಕೆ ಇಳಿದರು. ಪೂರ್ವ ಜರ್ಮನಿ ಪಶ್ಚಿಮ ಜರ್ಮನಿ ಒಂದಾದ ಮೇಲೆ ಹುಟ್ಟಿ ದೇಶಕ್ಕೆ ಆಡಿದ ಮೊದಲ ಹುಡುಗರು ಇವರೇ. ನಾಲ್ಕು ವರ್ಷದ ಮೇಲೆ ಫೈನಲ್‌ನಲ್ಲಿ ಪಾಸು ಕೊಟ್ಟವನೂ ಗೋಲು ಹೊಡೆದವನೂ ಅದೇ ಇಬ್ಬರು. ಹೊರಗೆ ಬಂದ ಮೇಲೆ ಚೌಕದ ಫಲಕದ ಕೆಳಗೆ ನಿಂತು ಮಗನಿಗೆ ಇದನ್ನು ಹೇಳಿದೆ. ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಸಿಕ್ಕಿತ್ತಲ್ಲ ಅಂತ ನನಗೂ ಖುಷಿ.

ಆ ಹಿರಿಯರ ಮಾತು ಅರ್ಧಕ್ಕೇ ಬಿಟ್ಟೆ. ಶೂ ನೋಡುತ್ತಲೇ ಹೇಳಿದರು: "2013ರಲ್ಲಿ ಇವನ ಹೆಸರಿದ್ದ ಜೆರ್ಸಿಯನ್ನು ಮಡಿಚಿ ಕಪಾಟಿನ ತಳಕ್ಕೆ ಹಾಕಿಬಿಟ್ಟೆ. ಹೆಂಡತಿಗೂ ಹೇಳಲಿಲ್ಲ." ಯಾಕೆ ಅಂತ ಡಾರ್ಟ್‌ಮಂಡ್‌ನಲ್ಲಿ ಯಾರೂ ಕೇಳುವುದಿಲ್ಲ. ಆ ವರ್ಷ ಏಪ್ರಿಲ್ 23ರಂದು ಗೋಟ್ಜೆ ಡಾರ್ಟ್‌ಮಂಡ್‌ನ ದೊಡ್ಡ ಎದುರಾಳಿ ಕ್ಲಬ್ಬು ಬಯರ್ನ್ ಮ್ಯೂನಿಕ್‌ಗೆ ಹೋಗುತ್ತಾನೆ ಅನ್ನುವ ಸುದ್ದಿ ಬಂತು. ಮೊತ್ತ 3 ಕೋಟಿ 70 ಲಕ್ಷ ಯೂರೊ. ಮರುದಿನವೇ ರಿಯಲ್ ಮ್ಯಾಡ್ರಿಡ್ ಎದುರು ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಇತ್ತು. ಅದನ್ನು 4–1ರಲ್ಲಿ ಗೆದ್ದರು, ಆದರೆ ಊರಿನ ಎದೆಯಲ್ಲಿ ಮುಳ್ಳು ಉಳಿಯಿತು. ಬಯರ್ನ್ ಎದುರಿನ ಫೈನಲ್‌ಗೆ ಗೋಟ್ಜೆ ಗಾಯದಿಂದ ಇಳಿಯಲೇ ಇಲ್ಲ. ನವೆಂಬರ್‌ನಲ್ಲಿ ಬಯರ್ನ್ ಜೆರ್ಸಿ ಹಾಕಿಕೊಂಡು ಇದೇ ಊರಿಗೆ ಬಂದು ಗೋಲು ಹೊಡೆದ. ಸಂಭ್ರಮಿಸದೆ ಸುಮ್ನೆ ನಡೆದ.

"ಈಗ ಆ ಜೆರ್ಸಿ ಎಲ್ಲಿದೆ?" ಅಂತ ಮಗ ಕೇಳಿದ.

"2014ರ ವಿಶ್ವಕಪ್ ಫೈನಲ್ ರಾತ್ರಿ ಹೆಚ್ಚುವರಿ ಸಮಯದಲ್ಲಿ ಎದ್ದುಹೋಗಿ ತೆಗೆದು ಹಾಕಿಕೊಂಡೆ. ಹೊಟ್ಟೆ ಹತ್ತಿರ ಬಿಗಿಯಾಗಿತ್ತು."

ಮೂರೂ ಜನ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಈ ಮ್ಯೂಸಿಯಂ ಬೇರೆ ಊರಿನಲ್ಲಿ ಇದ್ದಿದ್ದರೆ ಈ ಮಾತು ನಮಗೆ ಸಿಗುತ್ತಿರಲಿಲ್ಲ. ನನ್ನ ಮಟ್ಟಿಗೆ ಟಿಕೆಟ್ ದುಡ್ಡು ಅಲ್ಲಿಗೇ ವಸೂಲಾಯಿತು.

ಹೋಗುವವರಿಗೆ ಎರಡು ಮಾತು. ಮಕ್ಕಳಿದ್ದರೆ ಅರ್ಧ ದಿನ ಇಟ್ಟುಕೊಳ್ಳಿ, ನಮಗೆ ಮೂರೂವರೆ ಗಂಟೆ ಹಿಡಿಯಿತು. ಹಳೇ ಕಾಲದ ಭಾಗದಲ್ಲಿ ಚಿಕ್ಕವರಿಗೆ ಬೇಗ ಬೇಜಾರಾಗಬಹುದು, ಆದರೆ ಅವಸರ ಮಾಡಿಸಬೇಡಿ. 1954ರ ಚೆಂಡು ನೋಡಿ ಬಂದವರಿಗೇ 2014ರ ಶೂ ಬೆಲೆ ಗೊತ್ತಾಗುವುದು. ಆಟ ಗೊತ್ತಿಲ್ಲದ ಹಿರಿಯರನ್ನೂ ಕರೆದುಕೊಂಡು ಹೋಗಬಹುದು. ಐದಕ್ಕೆ ಐದು ಕೊಡುತ್ತೇನೆ.

ಮಕ್ಕಳಿಗೆ ಜೀನ್ಸ್ ಹಾಕಿಸಬೇಡಿ. ಎಲ್ಲ ನೋಡಿ ಮುಗಿದ ಮೇಲೆ ಆಡುವುದಕ್ಕೆ ಒಂದು ಚಿಕ್ಕ ಮೈದಾನ ಇದೆ. ನನಗೆ ಇದು ಮೊದಲೇ ಗೊತ್ತಿರಲಿಲ್ಲ. ಮಗ ಜಾಕೆಟ್ ಬಿಚ್ಚಿ ನನ್ನ ಕೈಗೆ ಕೊಟ್ಟು ಓಡಿದ. ಗುರುತಿಲ್ಲದ ಒಬ್ಬ ಹುಡುಗನಿಗೆ ಚೆಂಡು ಎತ್ತಿ ಕೊಡು ಅಂತ ಹೇಳಿದ. ಎದೆಯಲ್ಲಿ ತಡೆಯುವುದು, ಎಡಗಾಲಲ್ಲಿ ಹೊಡೆಯುವುದು, ಮತ್ತೆ ವಾಪಸು ಬಂದು ನಿಲ್ಲುವುದು. ನಮ್ಮ ಹುಡುಗನೂ ಬಲಗಾಲಿನವನೇ. ನಾನು ಬದಿಯಲ್ಲಿ ಜಾಕೆಟ್ ಹಿಡಿದು ನಿಂತು ಎಣಿಸಿದೆ. ಹದಿನೇಳು ಸಲ ಹೊಡೆದ. ಎರಡು ಒಳಗೆ ಹೋದವು.