ಮೇನ್ ಆಫ್ ಮಾಡಿದರೂ ಕರೆಂಟ್ ಇರುವ ವೈರ್: ಮೀಟರಿನಿಂದ ಒಳಗೆ ಎಳೆಸುವ ಮುಂಚೆ ಓದಿ

ಮನೆ ಕಟ್ಟಿಸುತ್ತಿರುವವರು, ರಿಪೇರಿ ಮಾಡಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ಮೀಟರ್ ಒಂದು ಕಡೆ, ಮೇನ್ ಬೋರ್ಡ್ ಇನ್ನೊಂದು ಕಡೆ ಅಂತ ಯಾರಾದರೂ ಪ್ಲಾನ್ ಕೊಟ್ಟರೆ, ನಡುವೆ ಹೋಗುವ ವೈರ್ ಬಗ್ಗೆ ಮೊದಲು ಕೇಳಿ. ಎಲ್ಲಿಂದ ಹೋಗುತ್ತೆ? ಎಷ್ಟು ಉದ್ದ? ಅದನ್ನು ಆಫ್ ಮಾಡೋದು ಎಲ್ಲಿ?

ನಮ್ಮ ಮನೆ ರಿಪೇರಿಯಲ್ಲಿ, ಮೀಟರ್ ಪಕ್ಕದಲ್ಲೇ ಇದ್ದ ಮೇನ್ ಬೋರ್ಡನ್ನು ಕಂಟ್ರಾಕ್ಟರ್ ಹಿಂಭಾಗಕ್ಕೆ ಸಾಗಿಸಿದರು. ಮುಂದಿನ ಗೋಡೆ ನೋಡೋಕೆ ಚೆನ್ನಾಗಿರುತ್ತೆ ಅನ್ನೋದು ಅವರು ಕೊಟ್ಟ ಕಾರಣ. ಹಳೆ ವೈರ್ ಉದ್ದ ಸಾಲಲಿಲ್ಲ. ಅದಕ್ಕೆ ಹೊಸ ತುಂಡು ತಿರುಚಿ ಸೇರಿಸಿ, ಟೇಪ್ ಸುತ್ತಿ, ಫಾಲ್ಸ್ ಸೀಲಿಂಗ್ ಮೇಲೆ ಮಲಗಿಸಿ ಮುಚ್ಚಿಬಿಟ್ಟರು. ಇದೆಲ್ಲ ನಮಗೆ ಗೊತ್ತಾಗಿದ್ದು ಸೀಲಿಂಗ್ ಒಡೆಸಿದ ಮೇಲೆ.

ಗೀಸರ್, ಏಸಿ ಎರಡೂ ಓಡುತ್ತಿದ್ದ ಹೊತ್ತಿನಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬರತೊಡಗಿತು. ಓಡಿಹೋಗಿ ಮೇನ್ ಆಫ್ ಮಾಡಿದೆವು. ಮನೆಯೆಲ್ಲ ಕತ್ತಲಾಯಿತು. ಆದರೆ ತಲೆ ಮೇಲೆ ಚಟಚಟ ಸದ್ದು ನಿಲ್ಲಲೇ ಇಲ್ಲ. ಜಾಯಿಂಟ್ ಇದ್ದದ್ದು ಮೇನ್ ಸ್ವಿಚ್ಚಿಗಿಂತ ಹಿಂದೆ, ಅಂದ್ರೆ ಮೀಟರ್ ಕಡೆ. ಅಲ್ಲಿಯವರೆಗಿನ ವೈರಿನಲ್ಲಿ ಕರೆಂಟ್ ಹಾಗೇ ಇತ್ತು. ಟೇಪ್ ಕರಕಲಾಗಿ, ಆ ಕರಕಲಿನ ಮೂಲಕವೇ ಫೇಸಿನಿಂದ ನ್ಯೂಟ್ರಲ್‌ಗೆ ಕರೆಂಟ್ ಸೋರುತ್ತಿತ್ತು. ಮುಟ್ಟುವ ಹಾಗಿಲ್ಲ, ನೀರು ಹಾಕುವ ಹಾಗಂತೂ ಇಲ್ಲವೇ ಇಲ್ಲ. ವಿದ್ಯುತ್ ಕಂಪನಿಯವರು ಬಂದು ಫ್ಯೂಸ್ ಎಳೆಯುವ ತನಕ ಎಲ್ಲರೂ ಹೊರಗೆ ನಿಂತು ಕಾಯಬೇಕಾಯಿತು.

ಎಂಸಿಬಿ (ಜಾಸ್ತಿ ಕರೆಂಟ್ ಹರಿದರೆ ತಾನೇ ಆಫ್ ಆಗುವ ಸ್ವಿಚ್) ಕಾಯೋದು ತನ್ನ ಮುಂದಿನ, ಅಂದ್ರೆ ಮನೆಯೊಳಗೆ ಹೋಗುವ ವೈರನ್ನು ಮಾತ್ರ. ಮೀಟರಿನಿಂದ ಬೋರ್ಡಿನವರೆಗಿನ ವೈರಿಗೆ ಇರೋದು ಕಂಪನಿಯ ಫ್ಯೂಸ್ ಒಂದೇ. ಅದೂ ದೊಡ್ಡದು, ಸಣ್ಣ ಸೋರಿಕೆಗೆಲ್ಲ ಹಾರುವುದಿಲ್ಲ. ಲೂಸ್ ಜಾಯಿಂಟಿನ ಕಥೆ ಇನ್ನೂ ಕೆಟ್ಟದು, ಯಾಕಂದ್ರೆ ಅಲ್ಲಿ ಜಾಸ್ತಿ ಕರೆಂಟ್ ಹರಿಯೋದೇ ಇಲ್ಲ. ಲೆಕ್ಕ ಹಾಕಿ ನೋಡಿ: ಜಾಯಿಂಟಿನ ರೆಸಿಸ್ಟೆನ್ಸ್ ಬರೀ 0.1 ಓಮ್ ಇದ್ದು, 30 ಆಂಪಿಯರ್ ಹರಿದರೆ, ಅಲ್ಲಿ 90 ವ್ಯಾಟ್ ಶಾಖ ಹುಟ್ಟುತ್ತದೆ. ಬೆರಳುದ್ದದ ಜಾಗದಲ್ಲಿ ಅಷ್ಟು ಬಿಸಿ! ವೋಲ್ಟೇಜ್ ಇಳಿಯೋದು 3 ವೋಲ್ಟ್ ಅಷ್ಟೇ, ದೀಪ ನೋಡಿ ಯಾರಿಗೂ ಗೊತ್ತಾಗಲ್ಲ. ಸಾಮಾನ್ಯ ಪಿವಿಸಿ ವೈರ್ ತಡೆಯೋದು 70 ಡಿಗ್ರಿವರೆಗೆ ಮಾತ್ರ.

ಅದಕ್ಕೇ ಈ ವೈರ್ ಮನೆಯೊಳಗೆ ಉದ್ದಕ್ಕೆ ಓಡಬಾರದು. ಅಮೆರಿಕದ ವಿದ್ಯುತ್ ಕೋಡ್ ಪ್ರಕಾರ ಮೇನ್ ಸ್ವಿಚ್ ಹೊರಗಿರಬೇಕು, ಇಲ್ಲವೇ ವೈರ್ ಒಳಗೆ ಬರುವ ಜಾಗದ ಹತ್ತಿರವೇ ಇರಬೇಕು. 2020ರ ಆವೃತ್ತಿಯಿಂದ ಒಂದೆರಡು ಕುಟುಂಬಗಳ ಮನೆಗಳಿಗೆ ತುರ್ತಾಗಿ ಆಫ್ ಮಾಡುವ ಸ್ವಿಚ್ ಹೊರಗಡೆಯೇ ಇರಬೇಕು ಅಂತ ಸೇರಿಸಿದ್ದಾರೆ. ಬ್ರಿಟನ್ನಿನಲ್ಲಿ ಮೀಟರಿನಾಚೆಯ ವೈರ್ ಸಾಮಾನ್ಯವಾಗಿ 3 ಮೀಟರ್ ದಾಟಿದರೆ, ಮೀಟರ್ ಪಕ್ಕದಲ್ಲೇ ಇನ್ನೊಂದು ಫ್ಯೂಸ್ ಇರುವ ಸ್ವಿಚ್ ಹಾಕಿಸುತ್ತಾರೆ. ನಿಮ್ಮ ಕಡೆಯ ನಿಯಮ ಏನೇ ಇರಲಿ, ಬೋರ್ಡ್ ದೂರ ಹೋಗುವುದಾದರೆ ಮೀಟರ್ ಹತ್ತಿರ ಒಂದು ಎಂಸಿಬಿಯೋ ಫ್ಯೂಸ್ ಸ್ವಿಚ್ಚೋ ಬೇಕೇ ಬೇಕು ಅಂತ ಪಟ್ಟು ಹಿಡಿಯಿರಿ. ಲೂಸ್ ಜಾಯಿಂಟಿಗೆ ಅದು ಟ್ರಿಪ್ ಆಗದೇ ಇರಬಹುದು. ಆದರೆ ಕೈಯಿಂದ ಆಫ್ ಮಾಡೋಕಾದರೂ ಆಗುತ್ತೆ, ಅಲ್ವಾ?

ವೈರ್ ತುದಿಯಿಂದ ತುದಿಗೆ ಒಂದೇ ಆಗಿರಲಿ, ನಡುವೆ ಜಾಯಿಂಟ್ ಬೇಡ. ಉದ್ದಕ್ಕೂ ಲೋಡಿಗೂ ತಕ್ಕ ದಪ್ಪ ಇರಲಿ. ಕಬ್ಬಿಣದ ಪೈಪಿನಲ್ಲಿ ಎಳೆಸಿದರೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ಪೈಪಿನಲ್ಲಿ ಹೋಗಬೇಕು. ಬೇರೆ ಬೇರೆ ಹಾಕಿದರೆ ಪೈಪೇ ಬಿಸಿಯಾಗುತ್ತದೆ. ಪ್ಲಾಸ್ಟರ್ ಮಾಡುವ ಮುಂಚೆ, ಅಳತೆ ಟೇಪ್ ಹಿಡಿದು, ವೈರ್ ಹೋದ ದಾರಿಯ ಫೋಟೋ ತೆಗೆದಿಡಿ. ನಾಳೆ ಮೊಳೆ ಹೊಡೆಯುವವರಿಗೆ ಆ ಗೋಡೆಯಲ್ಲಿ ಏನಿದೆ ಅಂತ ಗೊತ್ತಿರಲ್ಲ.

ಈಗಾಗಲೇ ನಿಮ್ಮ ಮನೆಯಲ್ಲಿ ಹೀಗೇ ಇದ್ದು ಸುಟ್ಟ ವಾಸನೆ ಬಂದರೆ, ಮೀಟರಿನ ಸೀಲ್ ಒಡೆದು ನೀವೇ ಫ್ಯೂಸ್ ಎಳೆಯಲು ಹೋಗಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ. ಅಗ್ನಿಶಾಮಕದವರಿಗೂ ವಿದ್ಯುತ್ ಕಂಪನಿಗೂ ಫೋನ್ ಮಾಡಿ, ಬೆಂಕಿ ಇರೋದು ಮೇನ್ ಸ್ವಿಚ್ಚಿಗಿಂತ ಹಿಂದೆ, ಮೀಟರ್ ಕಡೆಯ ವೈರಿನಲ್ಲಿ ಅಂತ ಬಿಡಿಸಿ ಹೇಳಿ.