ಗರಸು ತೆಗೆಯುವ ಮುಂಚೆ ಯಾವ ಸರ್ವೆ: ನಡಿಗೆ, ಡ್ರೋನ್, ಪರೀಕ್ಷಾ ಗುಂಡಿ?

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಕಡೆಯ ಜಮೀನಲ್ಲಿ ಗರಸು ತೆಗೆಯುವ ಮುಂಚೆ, ಹಳೇ ಕಾಲದ ಅವಶೇಷ ಇದೆಯೇ ಅಂತ ನೋಡಲು ಯಾವ ಸರ್ವೆ ಮಾಡಿಸಬೇಕು ಅಂತ ಕೇಳಿದ್ದೀರಿ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ ಅದೇ ತಾಲ್ಲೂಕು. 1947ರಲ್ಲಿ ಪುರಾತತ್ವಜ್ಞ ವೀಲರ್ ಅಲ್ಲೇ ಅಗೆಸಿದಾಗ ಬೃಹತ್ ಶಿಲಾಯುಗದ, ಅಂದರೆ ದೊಡ್ಡ ಕಲ್ಲುಗಳಿಂದ ಕಟ್ಟಿದ ಗೋರಿಗಳು ಸಿಕ್ಕವು. ಹಾಗಾಗಿ ಸರ್ವೆ ಬಿಡುವ ಮಾತೇ ಇಲ್ಲ.

ಖರ್ಚಲ್ಲಿ ನಡಿಗೆಯೇ ಹಗುರ. ತಿಳಿದ ನಾಲ್ಕು ಜನ ಸಾಲಾಗಿ ನಡೆದರೆ ಅಂಥ ಗೋರಿಗಳ ಗುರುತಾದ ಕಪ್ಪು-ಕೆಂಪು ಮಡಕೆ ಚೂರು, ವೃತ್ತವಾಗಿ ನೆಟ್ಟ ಗುಂಡುಕಲ್ಲುಗಳು, ಮಣ್ಣಿಂದ ಅಂಚಷ್ಟೇ ತೋರುವ ಕಲ್ಲುಚಪ್ಪಡಿ ಕಣ್ಣಿಗೆ ಬೀಳುತ್ತವೆ. ಜೊತೆಗೆ ಊರಿನ ಹಿರಿಯರನ್ನು ಮಾತಾಡಿಸಬಹುದು. ಈ ಸೀಮೆಯ ದನಗಾಹಿ ಸಮುದಾಯವಾದ ಮ್ಯಾಸನಾಯಕರು ದೇವರಿಗೆ ಬಿಟ್ಟ ಎತ್ತುಗಳು ಬೀಡುಬಿಡುವ ಜಾಗ ಯಾವುದು ಅಂತ ಅವನ್ನು ಕಾಯುವ ಕಿಲಾರಿ ಹೇಳಬೇಕೇ ಹೊರತು ಯಂತ್ರ ಹೇಳಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ಜಮೀನು ದೊಡ್ಡದಿದ್ದು ಬಯಲಾಗಿದ್ದರೆ ಡ್ರೋನ್ ಸಮಯ ಉಳಿಸುತ್ತದೆ. ಬೇಸಿಗೆಯಲ್ಲಿ, ಇಳಿಬಿಸಿಲಲ್ಲಿ ಹಾರಿಸಿ. ನೆರಳು ಉದ್ದವಾದಾಗ ಕಲ್ಲುವೃತ್ತ, ಹಳೇ ಕಟ್ಟೆ ಎದ್ದು ಕಾಣುತ್ತವೆ. ಜಾಲಿ ಪೊದೆ ದಟ್ಟವಾಗಿದ್ದರೆ ದುಡ್ಡು ದಂಡ.

ನೆಲದೊಳಗಿನದು ಖಾತ್ರಿಯಾಗಬೇಕಾದರೆ ಪರೀಕ್ಷಾ ಗುಂಡಿಯೇ, ಅಂದರೆ ಅಲ್ಲಲ್ಲಿ ಸಣ್ಣದಾಗಿ ಅಗೆದು ನೋಡುವುದೇ ಗತಿ. ಆದರೆ ನಿಧಾನ, ದುಬಾರಿ, ಅಗೆದದ್ದನ್ನು ಮತ್ತೆ ಮೊದಲಿನಂತೆ ಜೋಡಿಸಲಾಗದು. ನಾವೇ ಗುದ್ದಲಿ ಹಿಡಿಯುವಂತಿಲ್ಲ. ಪುರಾತತ್ವ ಇಲಾಖೆಯ ಅನುಮತಿ ಪಡೆದ ತಜ್ಞರೇ ಬೇಕು. ನಡಿಗೆಯಲ್ಲಿ ಚೂರುಗಳು ಒಂದೇ ಕಡೆ ಗುಂಪಾಗಿ ಸಿಕ್ಕರೆ ಮಾತ್ರ ಇದಕ್ಕೆ ಇಳಿಯಿರಿ.

ಎರಡು-ಮೂರು ಎಕರೆಯ ಗುಡ್ಡದ ಬುಡಕ್ಕೆ ನಡಿಗೆ ಸಾಕು. ಹತ್ತಾರು ಎಕರೆ ಬೋಳು ಬಯಲಿಗೆ ಡ್ರೋನ್ ಮೊದಲು, ನಡಿಗೆ ಆಮೇಲೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ಯಾವ ಸರ್ವೆಯೂ ಬೇಡ, ಅಲ್ಲಿ ಗಣಿಗಾರಿಕೆಯೇ ನಿಷಿದ್ಧ.